ವಿಜ್ಞಾನಕ್ಕೆ ಎರಡು ನಾಲಿಗೆ ಏಕೆ? – ಸಂಶೋಧಕರ ಮಾತು, ಜನರ ಕಿವಿ

1995ರ ಅಕ್ಟೋಬರ್ ತಿಂಗಳ ಮೂರನೆಯ ವಾರ. ಇಂಗ್ಲೆಂಡಿನ ಮಧ್ಯಭಾಗದ ಒಂದು ಸಣ್ಣ ಊರಿನಲ್ಲಿ ನಾನು ಜಿ.ಪಿ. ಆಗಿ ಸೇರಿ ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಸರ್ಜರಿಯ ಬಾಗಿಲು ತೆಗೆಯುವ ಹೊತ್ತಿಗೆ ಫೋನು ಎಡೆಬಿಡದೆ ಹೊಡೆದುಕೊಳ್ಳುತ್ತಿತ್ತು. "ಡಾಕ್ಟರ್, ಎಲ್ಲರೂ ಮಾತ್ರೆಯ ವಿಷಯವನ್ನೇ ಕೇಳುತ್ತಿದ್ದಾರೆ, ನಾನೇನು ಹೇಳಲಿ?" ಎಂದು ರಿಸೆಪ್ಷನಿಸ್ಟ್ ಕಂಗಾಲಾಗಿ ಕೇಳಿದರು. ನನಗೂ ಗೊತ್ತಿರಲಿಲ್ಲ. ಹಿಂದಿನ ರಾತ್ರಿ ಟಿವಿಯಲ್ಲಿ ಅವರು ನೋಡಿದ್ದನ್ನೇ ನಾನೂ ನೋಡಿದ್ದೆ, ಅಷ್ಟೆ.

ಸುದ್ದಿ ಇಷ್ಟು: ಹೊಸ ತಲೆಮಾರಿನ ಕೆಲವು ಗರ್ಭನಿರೋಧಕ ಮಾತ್ರೆಗಳನ್ನು ತೆಗೆದುಕೊಳ್ಳುವ ಮಹಿಳೆಯರಲ್ಲಿ, ಹಳೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಹೋಲಿಸಿದರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇಮ್ಮಡಿಯಾಗುತ್ತದೆ. ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಅಕ್ಟೋಬರ್ 18ರ ದಿನಾಂಕ ಹಾಕಿ ದೇಶದ ವೈದ್ಯರಿಗೂ ಔಷಧ ಅಂಗಡಿಯವರಿಗೂ ಪತ್ರ ಬರೆದಿತ್ತು. ಆದರೆ ಪತ್ರ ಅನೇಕರ ಕೈಸೇರುವ ಮುನ್ನವೇ ಸುದ್ದಿ ಮನೆಮನೆ ತಲುಪಿತ್ತು. ಆ ಪತ್ರಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಕೆಲವು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚಾದದ್ದು ಡಿಸೆಂಬರಿನಲ್ಲಿ. ಎಂದರೆ, ಎರಡು ತಿಂಗಳ ಕಾಲ ನಾವು ವೈದ್ಯರು ನಾವೇ ಓದಿರದ ಸಂಶೋಧನೆಯ ಬಗ್ಗೆ ರೋಗಿಗಳಿಗೆ ವಿವರಣೆ ಕೊಡುತ್ತಿದ್ದೆವು.

ಈ ಲೇಖನವನ್ನು ಆ ಬೆಳಗಿನಿಂದ ಆರಂಭಿಸಲು ಒಂದು ಕಾರಣವಿದೆ. ವಿಜ್ಞಾನಿಗಳು ತಮ್ಮೊಳಗೆ ಮಾತಾಡುವ ಬಗೆ ಬೇರೆ, ಜನರೊಡನೆ ಮಾತಾಡುವ ಬಗೆ ಬೇರೆ. ನಡುವೆ ನಿಂತು ಎರಡನ್ನೂ ಕೇಳಿಸಿಕೊಂಡವನು ನಾನು. ಕೆಲವು ಸಲ ತಪ್ಪಾಗಿ ದಾಟಿಸಿದವನೂ ಹೌದು. ಸಂಶೋಧನೆ ನನ್ನ ವೃತ್ತಿಯಾಗಿರಲಿಲ್ಲ. ಆದರೆ ಅದರ ಮಾತಿನ ಬೆಲೆ ತೆತ್ತವರನ್ನು ಎದುರು ಕುರ್ಚಿಯಲ್ಲಿ ಕೂರಿಸಿಕೊಂಡು ಮೂವತ್ತು ವರ್ಷ ಕಳೆದಿದ್ದೇನೆ. ಆ ಅನುಭವದ ಬಲದಿಂದ ಈ ವಿಮರ್ಶೆ.

ಒಂದು ಪದದ ಬೆಲೆ

'ಇಮ್ಮಡಿ' ಎಂಬ ಮಾತು ಸುಳ್ಳಲ್ಲ. ಆದರೆ ಯಾವುದರ ಇಮ್ಮಡಿ? ಆ ಕಾಲದ ಅಂದಾಜಿನಂತೆ, ಹಳೆಯ ಮಾತ್ರೆ ತೆಗೆದುಕೊಳ್ಳುವ ಒಂದು ಲಕ್ಷ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 15 ಮಂದಿಗೆ ರಕ್ತ ಹೆಪ್ಪುಗಟ್ಟುತ್ತಿತ್ತು. ಹೊಸ ಮಾತ್ರೆಯಲ್ಲಿ ಅದು ಸುಮಾರು 30. ಹದಿನೈದಕ್ಕೆ ಮೂವತ್ತು ಇಮ್ಮಡಿ, ನಿಜ. ಆದರೆ ಲಕ್ಷದಲ್ಲಿ ಹೆಚ್ಚಾದದ್ದು ಹದಿನೈದು ಮಂದಿ. ಇನ್ನೊಂದು ಸಂಖ್ಯೆಯೂ ಇತ್ತು: ಗರ್ಭ ಧರಿಸಿದರೆ ಅದೇ ಅಪಾಯ ಲಕ್ಷಕ್ಕೆ ಸುಮಾರು 60. ಮಾತ್ರೆಯ ಭಯದಿಂದ ಮಾತ್ರೆ ಬಿಟ್ಟು ಗರ್ಭಿಣಿಯಾದವಳು ಕಡಿಮೆ ಅಪಾಯದಿಂದ ಹೆಚ್ಚಿನ ಅಪಾಯಕ್ಕೆ ಹೋಗುತ್ತಾಳೆ ಎಂದಾಯಿತು.

ಜನರ ಕಿವಿಗೆ ಬಿದ್ದದ್ದು 'ಇಮ್ಮಡಿ' ಎಂಬ ಒಂದೇ ಪದ. ಮಾತ್ರೆಯನ್ನು ಇದ್ದಕ್ಕಿದ್ದಂತೆ ನಿಲ್ಲಿಸಬೇಡಿ, ವೈದ್ಯರನ್ನು ಕಾಣಿ ಎಂಬ ಸಲಹೆಯೂ ಜೊತೆಗಿತ್ತು. ಅದು ಯಾರಿಗೂ ನೆನಪಿನಲ್ಲಿ ಉಳಿಯಲಿಲ್ಲ. ಕೆಲವು ವರ್ಷಗಳಿಂದ ಇಳಿಯುತ್ತಿದ್ದ ಗರ್ಭಪಾತಗಳ ಸಂಖ್ಯೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರಲ್ಲಿ ಹಿಂದಿನ ವರ್ಷಕ್ಕಿಂತ ಸುಮಾರು 13,000ದಷ್ಟು ಏರಿತು. ಅಷ್ಟಕ್ಕೂ ಈ ಸುದ್ದಿಯೊಂದೇ ಕಾರಣ ಎಂದು ಹೇಳಿದರೆ ನಾನು ಯಾವ ತಪ್ಪನ್ನು ವಿಮರ್ಶಿಸಲು ಹೊರಟಿದ್ದೇನೋ ಅದನ್ನೇ ಮಾಡಿದಂತಾಗುತ್ತದೆ. ಆದರೂ ಅದರಲ್ಲಿ ಈ ಸುದ್ದಿಯ ಪಾಲು ಇತ್ತು ಎಂದು ಅನೇಕ ತಜ್ಞರು ಅಭಿಪ್ರಾಯಪಟ್ಟಿದ್ದಾರೆ.

ಆ ಹದಿಮೂರು ಸಾವಿರದಲ್ಲಿ ಒಬ್ಬಳನ್ನು ನಾನು ಬಲ್ಲೆ. ಆಕೆ ನಮ್ಮ ಸಮುದಾಯದವಳಲ್ಲ. ಗುರುತು ಸಿಗುವ ಬೇರೆ ಯಾವ ವಿವರವನ್ನೂ ಬರೆಯುವುದಿಲ್ಲ. ಆ ವಾರ ಫೋನಿನಲ್ಲಿ ಕೇಳಿದಳು: "ನನ್ನ ಮಾತ್ರೆ ಆ ಪಟ್ಟಿಯಲ್ಲಿದೆಯೇ?" ನಾನು ಹೇಳಿದೆ: "ಹೌದು, ಅಪಾಯ ಇಮ್ಮಡಿ ಅನ್ನುತ್ತಿದ್ದಾರೆ. ಬಂದು ನೋಡಿ, ಬದಲಾಯಿಸೋಣ." ಹೊರಗೆ ಇಪ್ಪತ್ತು ಜನ ಕಾದಿದ್ದರು, ನನ್ನ ಮಾತು ಅಲ್ಲಿಗೆ ಮುಗಿಯಿತು. ಆಕೆ ಬರಲಿಲ್ಲ. ಮಾತ್ರೆಯನ್ನು ಅಂದೇ ಬಿಟ್ಟಳು. ಬಂದದ್ದು ಜನವರಿಯಲ್ಲಿ, ಬೇಡದ ಬಸಿರಿನೊಂದಿಗೆ. ಈ ದೇಶದ ಕಾನೂನಿನಂತೆ ಗರ್ಭಪಾತದ ಹಾಳೆಗೆ ಇಬ್ಬರು ವೈದ್ಯರ ಸಹಿ ಬೇಕು. ಎರಡರಲ್ಲಿ ಒಂದು ನನ್ನದು.

ನಾನು ಸುಳ್ಳು ಹೇಳಿರಲಿಲ್ಲ. ಆದರೆ 'ಲಕ್ಷಕ್ಕೆ ಹದಿನೈದು ಇದ್ದದ್ದು ಮೂವತ್ತು' ಎಂದು ಹೇಳಲು ಹತ್ತು ಸೆಕೆಂಡು ಸಾಕಿತ್ತು. ಸಂಖ್ಯೆ ನನ್ನ ಕೈಯಲ್ಲಿರಲಿಲ್ಲ, ನಿಜ. ಕೇಳಿ ತಿಳಿದುಕೊಂಡು ಹೇಳುತ್ತೇನೆ ಎನ್ನುವ ವಿನಯವೂ ನನ್ನಲ್ಲಿರಲಿಲ್ಲ.

ಪ್ರಬಂಧದ ನಾಲಿಗೆ

ವಿಜ್ಞಾನಿಗಳು ತಮ್ಮೊಳಗೆ ಹೇಗೆ ಮಾತಾಡುತ್ತಾರೆ? 1665ರ ಮಾರ್ಚಿಯಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಪತ್ರಿಕೆ ಆರಂಭಿಸಿದ. ಅದಕ್ಕೂ ಮುಂಚೆ ಸಂಶೋಧಕರು ಪರಸ್ಪರ ಕಾಗದ ಬರೆದುಕೊಳ್ಳುತ್ತಿದ್ದರು. ಆ ಪತ್ರಿಕೆಯ ಆರಂಭದ ಸಂಚಿಕೆಗಳೂ ಬಹುಮಟ್ಟಿಗೆ ಕಾಗದಗಳೇ: ನಾನು ಹೀಗೆ ಮಾಡಿದೆ, ಹೀಗೆ ಕಂಡಿತು, ನಿಮಗೇನು ಕಾಣುತ್ತದೋ ತಿಳಿಸಿ. ಕಾಲಕ್ರಮದಲ್ಲಿ ಆ 'ನಾನು' ಮಾಯವಾಯಿತು. ಇಂದಿನ ಪ್ರಬಂಧಕ್ಕೆ ಒಂದು ಅಚ್ಚು ಇದೆ: ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ. 'ಮಾಡಲಾಯಿತು', 'ಕಂಡುಬಂದಿತು' ಎಂಬ ಕರ್ತೃವಿಲ್ಲದ ವಾಕ್ಯಗಳು.

ನೊಬೆಲ್ ಪ್ರಶಸ್ತಿ ಪಡೆದ ಪೀಟರ್ ಮೆಡವಾರ್ 1963ರಲ್ಲಿ ಬಿಬಿಸಿ ರೇಡಿಯೋದಲ್ಲಿ ಒಂದು ಭಾಷಣ ಮಾಡಿ, ವೈಜ್ಞಾನಿಕ ಪ್ರಬಂಧವೇ ಒಂದು ಮೋಸವಲ್ಲವೇ ಎಂಬ ಪ್ರಶ್ನೆ ಎತ್ತಿದರು. ಪ್ರಬಂಧದಲ್ಲಿರುವ ಸಂಗತಿಗಳು ಸುಳ್ಳು ಎಂಬುದು ಅವರ ದೂರಲ್ಲ. ವಿಜ್ಞಾನಿಯ ತಲೆಯಲ್ಲಿ ಕೆಲಸ ನಡೆದ ಕ್ರಮಕ್ಕೂ ಪ್ರಬಂಧದಲ್ಲಿ ಅದನ್ನು ಜೋಡಿಸಿದ ಕ್ರಮಕ್ಕೂ ಸಂಬಂಧವಿಲ್ಲ ಎಂಬುದು. ಮೊದಲು ಊಹೆ, ಆಮೇಲೆ ಪರೀಕ್ಷೆ, ನಡುವೆ ನಾಲ್ಕಾರು ಸಲ ಎಡವುವುದು – ಇದು ನಡೆದ ಕಥೆ. ಯಾವ ಪೂರ್ವಾಗ್ರಹವೂ ಇಲ್ಲದೆ ಸಂಗತಿಗಳನ್ನು ಕೂಡಿಹಾಕಿದೆವು, ತಾನಾಗಿಯೇ ತೀರ್ಮಾನ ಹೊರಬಂತು – ಇದು ಬರೆದ ಕಥೆ.

ಮೆಡವಾರ್ ಮಾತು ಒಪ್ಪಿದರೂ ಪ್ರಬಂಧದ ಪರವಾಗಿ ನಾನು ಒಂದು ಮಾತು ಹೇಳುತ್ತೇನೆ. ಅದರ ಒಣ ಭಾಷೆಯಲ್ಲಿ ಒಂದು ಪ್ರಾಮಾಣಿಕತೆ ಇದೆ. ಎಷ್ಟು ಜನರನ್ನು ನೋಡಿದೆವು, ಯಾರನ್ನು ಬಿಟ್ಟೆವು, ನಮ್ಮ ಅಧ್ಯಯನದ ಮಿತಿಗಳೇನು ಎಂದು ಅದರಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಪೀರ್ ರಿವ್ಯೂ ಮಾಡುವ ಬೇರೆ ತಜ್ಞರು ಕೇಳುತ್ತಾರೆ. 'ಇರಬಹುದು', 'ಸೂಚಿಸುತ್ತದೆ', 'ಹೆಚ್ಚಿನ ಅಧ್ಯಯನ ಬೇಕು' ಎಂಬ ಪದಗಳು ಬಳಲಿಕೆ ತರಿಸಿದರೂ ಬೇಲಿಯ ಕೆಲಸ ಮಾಡುತ್ತವೆ. ತೊಂದರೆ ಶುರುವಾಗುವುದು ಅದೇ ವಿಜ್ಞಾನಿ ಮೈಕ್ ಮುಂದೆ ಬಂದು ಬೇಲಿ ದಾಟಿದಾಗ.

ಹನ್ನೆರಡು ಮಕ್ಕಳು

1998ರ ಫೆಬ್ರವರಿ 28ರ 'ಲ್ಯಾನ್ಸೆಟ್' ಸಂಚಿಕೆಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು 12 ಜನ ಸಹಲೇಖಕರ ಒಂದು ಪ್ರಬಂಧ ಬಂತು. ಕರುಳಿನ ತೊಂದರೆ ಮತ್ತು ಬೆಳವಣಿಗೆಯ ಹಿನ್ನಡೆ ಎರಡೂ ಇದ್ದ 12 ಮಕ್ಕಳ ವಿವರ ಅದರಲ್ಲಿತ್ತು. ಅವರಲ್ಲಿ 8 ಮಕ್ಕಳ ವಿಷಯದಲ್ಲಿ, ದಡಾರ, ಮಂಗನಬಾವು, ರುಬೆಲ್ಲಾಗಳ ವಿರುದ್ಧ ಕೊಡುವ ಎಂಎಂಆರ್ ಲಸಿಕೆಯ ನಂತರ ಲಕ್ಷಣ ಶುರುವಾಯಿತು ಎಂದು ತಂದೆತಾಯಿಯರೋ ವೈದ್ಯರೋ ಹೇಳಿದ್ದರು. ಲಸಿಕೆಗೂ ಈ ಸ್ಥಿತಿಗೂ ಸಂಬಂಧವನ್ನು ತಾವು ಸಾಬೀತುಪಡಿಸಿಲ್ಲವೆಂದು ಪ್ರಬಂಧವೇ ಒಪ್ಪಿಕೊಂಡಿತ್ತು. ಅದೇ ಸಂಚಿಕೆಯಲ್ಲಿ ಬೇರೆ ತಜ್ಞರ ಒಂದು ಟಿಪ್ಪಣಿಯೂ ಇತ್ತು: ಲಸಿಕೆ ಹಾಕುವ ವಯಸ್ಸು ಮತ್ತು ಆಟಿಸಂ ಲಕ್ಷಣ ಕಾಣಿಸಿಕೊಳ್ಳುವ ವಯಸ್ಸು ಒಂದೇ ಆದ್ದರಿಂದ ಇದು ಕಾಕತಾಳೀಯ ಇರಬಹುದಲ್ಲ ಎಂದು. ಅಂದರೆ, ಕಾಗದದ ಮೇಲೆ ವಿಜ್ಞಾನದ ವ್ಯವಸ್ಥೆ ಸಾಕಷ್ಟು ಎಚ್ಚರದಿಂದ ಇತ್ತು.

ಆದರೆ ಆ ಪ್ರಬಂಧದ ಪ್ರಕಟಣೆಗಾಗಿ ಪತ್ರಿಕಾಗೋಷ್ಠಿ ಕರೆದಿದ್ದರು. ಅಲ್ಲಿ ವೇಕ್‌ಫೀಲ್ಡ್, ಮೂರನ್ನೂ ಸೇರಿಸಿದ ಲಸಿಕೆಯ ಬದಲು ಬೇರೆ ಬೇರೆಯಾಗಿ ಕೊಡುವುದು ಒಳಿತು ಎಂಬ ಅರ್ಥದ ಮಾತಾಡಿದರು. ಪ್ರಬಂಧದಲ್ಲಿ ಇಲ್ಲದ ಸಲಹೆ ಅದು. ಹನ್ನೆರಡು ಮಕ್ಕಳ ವಿವರದಿಂದ ಒಂದು ದೇಶದ ಲಸಿಕೆ ನೀತಿಗೆ ಜಿಗಿದದ್ದು ಪತ್ರಿಕಾಗೋಷ್ಠಿಯ ಆ ಕೆಲವು ನಿಮಿಷಗಳಲ್ಲಿ.

ಮುಂದಿನದು ಬಹುಜನರಿಗೆ ಗೊತ್ತು. ಇಂಗ್ಲೆಂಡಿನಲ್ಲಿ 1995–96ರಲ್ಲಿ ಸುಮಾರು ಶೇ. 92ರಷ್ಟು ಮಕ್ಕಳಿಗೆ ಎಂಎಂಆರ್ ಹಾಕಿಸುತ್ತಿದ್ದರು. 2003–04ಕ್ಕೆ ಅದು ಶೇ. 80ಕ್ಕೆ ಇಳಿಯಿತು. ದಡಾರ ಹರಡದಿರಲು ಶೇ. 95 ಬೇಕು. ಡೆನ್ಮಾರ್ಕಿನಲ್ಲಿ 5,37,303 ಮಕ್ಕಳನ್ನು ಪರಿಶೀಲಿಸಿ ಸಂಬಂಧವಿಲ್ಲವೆಂದು ತೋರಿಸಿದ ಅಧ್ಯಯನ 2002ರಲ್ಲೇ ಬಂತು. ಆದರೆ ಐದು ಲಕ್ಷ ಮಕ್ಕಳ ಆ ಅಧ್ಯಯನಕ್ಕೆ ಹನ್ನೆರಡು ಮಕ್ಕಳ ಕಥೆಯಷ್ಟು ಸದ್ದು ಸಿಗಲಿಲ್ಲ. 2004ರಲ್ಲಿ ಪತ್ರಕರ್ತ ಬ್ರಯಾನ್ ಡೀರ್ ವೇಕ್‌ಫೀಲ್ಡರ ಹಣಕಾಸಿನ ಹಿತಾಸಕ್ತಿಗಳನ್ನು ಬಯಲಿಗೆಳೆದರು. ಸಹಲೇಖಕರಲ್ಲಿ ಹತ್ತು ಮಂದಿ ಪ್ರಬಂಧದ ವ್ಯಾಖ್ಯಾನವನ್ನು ಹಿಂತೆಗೆದುಕೊಂಡರು. 'ಲ್ಯಾನ್ಸೆಟ್' ಇಡೀ ಪ್ರಬಂಧವನ್ನು ಹಿಂತೆಗೆದುಕೊಂಡದ್ದು 2010ರ ಫೆಬ್ರವರಿಯಲ್ಲಿ, ಹನ್ನೆರಡು ವರ್ಷಗಳ ನಂತರ. ಅದೇ ವರ್ಷ ವೇಕ್‌ಫೀಲ್ಡರ ಹೆಸರು ವೈದ್ಯರ ನೋಂದಣಿಯಿಂದ ತೆಗೆದುಹಾಕಲ್ಪಟ್ಟಿತು. ಅಷ್ಟರಲ್ಲಿ ಲಸಿಕೆ ತಪ್ಪಿದ ಮಕ್ಕಳು ಬೆಳೆದಿದ್ದರು. 2012–13ರಲ್ಲಿ ವೇಲ್ಸ್‌ನ ಸ್ವಾನ್ಸಿ ಸುತ್ತಮುತ್ತ 1,200ಕ್ಕೂ ಹೆಚ್ಚು ದಡಾರದ ಪ್ರಕರಣಗಳು ವರದಿಯಾದವು. ಒಬ್ಬ ಯುವಕ ತೀರಿಕೊಂಡ.

ಆ ವರ್ಷಗಳಲ್ಲಿ ನಮ್ಮ ಕನ್ನಡ ಕುಟುಂಬಗಳಿಂದ ನನಗೆ ಬಂದ ಫೋನುಗಳಿಗೆ ಲೆಕ್ಕವಿಲ್ಲ. ಒಂದನ್ನು, ಆ ಮನೆಯವರ ಒಪ್ಪಿಗೆ ಪಡೆದು, ಇಲ್ಲಿ ಹೇಳುತ್ತೇನೆ.

"ಡಾಕ್ಟ್ರೇ, ಮಗೂಗೆ ಆ ಇಂಜೆಕ್ಷನ್ ಹಾಕಿಸ್ಲೋ ಬೇಡ್ವೋ?" ಎಂದು ಆಕೆ ಕೇಳಿದರು.

"ಆಟಿಸಂಗೂ ಅದಕ್ಕೂ ಸಂಬಂಧ ಇದೆ ಅನ್ನೋದಕ್ಕೆ ಸಾಕಷ್ಟು ಆಧಾರ ಇಲ್ಲಮ್ಮ," ಎಂದೆ.

"ಸಾಕಷ್ಟು ಇಲ್ಲ ಅಂದ್ರೆ ಸ್ವಲ್ಪ ಇದೆ ಅಂತ ತಾನೇ?"

ನಾನು ಮೌನವಾದೆ. ವಿಜ್ಞಾನದ ಭಾಷೆಯಲ್ಲಿ ನಾನು ಹೇಳಿದ್ದು ಸರಿ. ವಿಜ್ಞಾನ ಯಾವುದನ್ನೂ 'ಇಲ್ಲವೇ ಇಲ್ಲ' ಎಂದು ಸಾಬೀತುಪಡಿಸಲಾರದು. ಆದರೆ ಒಂದು ವರ್ಷದ ಕೂಸನ್ನು ತೊಡೆಯ ಮೇಲಿಟ್ಟುಕೊಂಡ ತಾಯಿಯ ಕಿವಿಯಲ್ಲಿ ಅದೇ ವಾಕ್ಯ ತಲೆಕೆಳಗಾಗಿತ್ತು. ಪ್ರಬಂಧದ ಬೇಲಿ ಅಡುಗೆಮನೆಗೆ ಬಂದಾಗ ಅನುಮಾನದ ಬಾಗಿಲಾಗಿತ್ತು.

ಆ ಮಗುವಿಗೆ ಲಸಿಕೆ ಬಿದ್ದದ್ದು ನನ್ನಿಂದಲ್ಲ. ಬೇಸಿಗೆಗೆ ತುಮಕೂರು ಕಡೆಯಿಂದ ಬಂದಿದ್ದ ಅತ್ತೆಯಿಂದ. "ನೋಡಮ್ಮ, ನನ್ ಎರಡ್ನೇ ಮಗೀನ ದಡಾರದಾಗೇ ಕಳ್ಕೊಂಡೋಳು ನಾನು. ಬೇವಿನ ಸೊಪ್ಪು ಕಟ್ಕೊಂಡು ಹದಿನೈದು ದಿನ ಕೂತಿದ್ದೆ. ನೀನು ಹಾಕ್ಸ್ಬಿಡು," ಎಂದರಂತೆ. ಮರುವಾರವೇ ಹಾಕಿಸಿದರು.

ಈ ಪ್ರಸಂಗವನ್ನು ನಾನು ಅನೇಕ ವೇದಿಕೆಗಳಲ್ಲಿ ಹೇಳಿ ಚಪ್ಪಾಳೆ ಪಡೆದಿದ್ದೇನೆ. ಈಗ ನನಗೆ ಅದು ಅಷ್ಟು ಸರಳವಾಗಿ ಕಾಣುವುದಿಲ್ಲ. ಅಜ್ಜಿಯ ಕಥೆ ಗೆದ್ದದ್ದು ಸತ್ಯವಾಗಿದ್ದಕ್ಕಲ್ಲ, ಕಥೆಯಾಗಿದ್ದಕ್ಕೆ. ಲಸಿಕೆಯ ಮರುದಿನವೇ ನನ್ನ ಮಗು ಮಾತು ಬಿಟ್ಟಿತು ಎಂದು ಟಿವಿಯಲ್ಲಿ ಅತ್ತ ತಾಯಿಯ ಕಥೆಗೂ ಅಷ್ಟೇ ಬಲವಿತ್ತು, ಆಕೆಯ ದುಃಖವೂ ನಿಜವೇ. ಹಾಗಾದರೆ ಕಥೆಗಳನ್ನು ಹೇಳಿ ಜನರನ್ನು ಗೆಲ್ಲಿರಿ ಎಂದು ವಿಜ್ಞಾನಿಗಳಿಗೆ ಇಂದು ಕೊಡುತ್ತಿರುವ ತರಬೇತಿ ಅರ್ಧ ಉತ್ತರ ಮಾತ್ರ. ಕಥೆಯ ಹಿಂದೆ ಎಷ್ಟು ಮಕ್ಕಳ ಲೆಕ್ಕ ನಿಂತಿದೆ ಎಂದು ಹೇಳದಿದ್ದರೆ ಎರಡು ಕಥೆಗಳಲ್ಲಿ ಆರಿಸಿಕೊಳ್ಳಲು ಕೇಳುವವರಿಗೆ ಆಧಾರವೇ ಇರುವುದಿಲ್ಲ.

ತಪ್ಪು ಪತ್ರಕರ್ತರದೇ?

ನಮ್ಮ ವೈದ್ಯ ಮಿತ್ರರು ಸೇರಿದಾಗ ಈ ವಿಷಯ ಬಂದರೆ ಎಲ್ಲರೂ ಪತ್ರಿಕೆಗಳನ್ನು ಬೈಯುತ್ತಾರೆ. ನಾನೂ ಬೈದಿದ್ದೇನೆ. ಆದರೆ ವೇಲ್ಸ್‌ನ ಕಾರ್ಡಿಫ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನ್ನ ಬಾಯಿ ಮುಚ್ಚಿಸಿತು. ಬ್ರಿಟನ್ನಿನ 20 ಪ್ರಮುಖ ವಿಶ್ವವಿದ್ಯಾಲಯಗಳು ಆರೋಗ್ಯ ಸಂಬಂಧಿ ಸಂಶೋಧನೆಗಳ ಬಗ್ಗೆ ಒಂದೇ ವರ್ಷ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಅವರು ತೆಗೆದುಕೊಂಡರು. ಪ್ರತಿಯೊಂದನ್ನೂ ಮೂಲ ಪ್ರಬಂಧದ ಜೊತೆಗೂ ಆಮೇಲೆ ಬಂದ ಸುದ್ದಿಯ ಜೊತೆಗೂ ಹೋಲಿಸಿದರು.

ಶೇ. 40ರಷ್ಟು ಪ್ರಕಟಣೆಗಳಲ್ಲಿ ಓದುಗರಿಗೆ ಕೊಟ್ಟ ಸಲಹೆ ಪ್ರಬಂಧದಲ್ಲಿದ್ದದ್ದಕ್ಕಿಂತ ಉತ್ಪ್ರೇಕ್ಷೆಯಾಗಿತ್ತು. ಶೇ. 33ರಲ್ಲಿ ಜೊತೆಜೊತೆಗೆ ಕಂಡ ಎರಡು ಸಂಗತಿಗಳಲ್ಲಿ ಒಂದನ್ನು ಇನ್ನೊಂದಕ್ಕೆ ಕಾರಣವೆಂದು ಅತಿಯಾಗಿ ಹೇಳಲಾಗಿತ್ತು. ಶೇ. 36ರಲ್ಲಿ ಪ್ರಾಣಿಗಳ ಮೇಲೆ ಕಂಡದ್ದನ್ನು ಮನುಷ್ಯರಿಗೆ ಮಿತಿಮೀರಿ ಅನ್ವಯಿಸಲಾಗಿತ್ತು. ಪ್ರಕಟಣೆಯಲ್ಲಿ ಉತ್ಪ್ರೇಕ್ಷೆ ಇದ್ದಾಗ ಸುದ್ದಿಯಲ್ಲೂ ಬಹುಮಟ್ಟಿಗೆ ಇತ್ತು. ಪ್ರಕಟಣೆಯಲ್ಲಿ ಇಲ್ಲದಿದ್ದಾಗ ಸುದ್ದಿಯಲ್ಲಿ ಬಹಳ ಕಡಿಮೆ. ಎಂದರೆ ಹಾಲಿಗೆ ನೀರು ಬಿದ್ದದ್ದು ಬೀದಿಯಲ್ಲಲ್ಲ, ಕೊಟ್ಟಿಗೆಯಲ್ಲೇ. ಈ ಪ್ರಕಟಣೆಗಳನ್ನು ಸಾಮಾನ್ಯವಾಗಿ ಸಂಶೋಧಕರೇ ಓದಿ ಒಪ್ಪಿಗೆ ಕೊಟ್ಟ ಮೇಲೆ ಹೊರಡಿಸುತ್ತಾರೆ ಎಂಬುದನ್ನು ಮರೆಯಬಾರದು. ಪ್ರಬಂಧದಲ್ಲಿ 'ಇರಬಹುದು' ಎಂದು ಬರೆದ ಕೈಯೇ ಪ್ರಕಟಣೆಯಲ್ಲಿ 'ಇದೆ' ಎಂಬುದಕ್ಕೆ ಸಹಿ ಹಾಕುತ್ತದೆ. ಕೈಗೆ ಆ ಆತುರ ಏಕೆ? ಮುಂದಿನ ಅನುದಾನ, ಬಡ್ತಿ, ವಿಶ್ವವಿದ್ಯಾಲಯದ ಹೆಸರು. ದುರುದ್ದೇಶ ಇರಬೇಕಾಗಿಲ್ಲ, ಪೈಪೋಟಿಯೇ ಸಾಕು.

2020ರ ಎರಡು ಪ್ರಕಟಣೆಗಳು

ಹಾಗಾದರೆ ಪತ್ರಿಕಾಗೋಷ್ಠಿಗಳನ್ನೆಲ್ಲ ನಿಲ್ಲಿಸಿ, ಪೀರ್ ರಿವ್ಯೂ ಆದದ್ದನ್ನು ಮಾತ್ರ ಜನರ ಮುಂದಿಟ್ಟರೆ ಸರಿಹೋಗುತ್ತದೆಯೇ? ನಾನೂ ಹಾಗೆಯೇ ನಂಬಿದ್ದೆ. 2020ರ ಬೇಸಿಗೆ ಆ ನಂಬಿಕೆಯನ್ನು ಅಲುಗಿಸಿತು.

ಮೇ 22ರಂದು 'ಲ್ಯಾನ್ಸೆಟ್' ಒಂದು ದೊಡ್ಡ ಅಧ್ಯಯನ ಪ್ರಕಟಿಸಿತು. 671 ಆಸ್ಪತ್ರೆಗಳ 96,032 ಕೋವಿಡ್ ರೋಗಿಗಳ ಮಾಹಿತಿ. ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟವರಲ್ಲಿ ಸಾವು ಹೆಚ್ಚು ಎಂಬ ತೀರ್ಮಾನ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಆ ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಆದರೆ ಮೂಲ ಮಾಹಿತಿ ಎಲ್ಲಿ ಎಂದು ಬೇರೆ ಸಂಶೋಧಕರು ಕೇಳಿದಾಗ, ಅದನ್ನು ಒದಗಿಸಿದ್ದ ಸರ್ಜಿಸ್ಫಿಯರ್ ಎಂಬ ಕಂಪನಿ ಪರಿಶೀಲನೆಗೆ ಕೊಡಲಿಲ್ಲ. ಜೂನ್ 4ರಂದು ಪ್ರಬಂಧ ವಾಪಸ್ಸಾಯಿತು. ಪೀರ್ ರಿವ್ಯೂ ಆಗಿತ್ತು, ಪ್ರತಿಷ್ಠಿತ ಪತ್ರಿಕೆಯಲ್ಲಿ ಬಂದಿತ್ತು, ಆದರೂ ಎರಡು ವಾರ ಬಾಳಲಿಲ್ಲ. ಆ ಔಷಧದಿಂದ ಕೋವಿಡ್‌ಗೆ ಪ್ರಯೋಜನವಿಲ್ಲವೆಂದು ಬೇರೆ ಪ್ರಯೋಗಗಳು ಸರಿಯಾಗಿ ತೋರಿಸಿದ್ದು ಬೇರೆ ಮಾತು.

ಅದಾದ ಹನ್ನೆರಡನೆಯ ದಿನ, ಜೂನ್ 16ರಂದು, ಆಕ್ಸ್‌ಫರ್ಡಿನ ರಿಕವರಿ ಪ್ರಯೋಗದವರು ಪತ್ರಿಕಾ ಪ್ರಕಟಣೆಯೊಂದನ್ನು ಹೊರಡಿಸಿದರು. ಪ್ರಬಂಧ ಇನ್ನೂ ಬಂದಿರಲಿಲ್ಲ, ಪೀರ್ ರಿವ್ಯೂ ಆಗಿರಲಿಲ್ಲ. ನನ್ನಂಥ ಹಳಬರಿಗೆ 1995 ನೆನಪಾಗಿ ಮೈ ಜುಂ ಎಂದಿತು. ಆದರೆ ಓದಿ ನೋಡಿದರೆ ಅದು ಬೇರೆಯೇ ಬಗೆಯದಾಗಿತ್ತು. ಡೆಕ್ಸಾಮೆಥಸೋನ್ ಎಂಬ ಅಗ್ಗದ, ಹಳೆಯ ಸ್ಟೀರಾಯ್ಡ್ ಅನ್ನು 2,104 ರೋಗಿಗಳಿಗೆ ಕೊಟ್ಟು 4,321 ಮಂದಿಯ ಜೊತೆ ಹೋಲಿಸಿದ್ದೇವೆ. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ಆಯ್ದಿದ್ದೇವೆ. ವೆಂಟಿಲೇಟರಿನಲ್ಲಿದ್ದವರಲ್ಲಿ ಸಾವು ಮೂರನೆಯ ಒಂದರಷ್ಟು, ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ ಐದನೆಯ ಒಂದರಷ್ಟು ಕಡಿಮೆಯಾಯಿತು. ಅಲ್ಲಿಗೇ ನಿಲ್ಲಿಸಲಿಲ್ಲ. ವೆಂಟಿಲೇಟರಿನಲ್ಲಿರುವ ಸುಮಾರು 8 ಮಂದಿಗೆ, ಅಥವಾ ಆಮ್ಲಜನಕ ಬೇಕಾದ ಸುಮಾರು 25 ಮಂದಿಗೆ ಕೊಟ್ಟರೆ ಒಂದು ಸಾವು ತಪ್ಪುತ್ತದೆ ಎಂದು ಬಿಡಿಸಿ ಹೇಳಿದರು. ಕೊನೆಗೆ, ಆಮ್ಲಜನಕ ಬೇಕಾಗದವರಿಗೆ ಇದರಿಂದ ಲಾಭವಿಲ್ಲ ಎಂದೂ ಹೇಳಿದರು. ಕೆಲವೇ ದಿನಗಳಲ್ಲಿ ಪೂರ್ಣ ವಿವರಗಳನ್ನು ಎಲ್ಲರ ಮುಂದಿಟ್ಟರು. ಜುಲೈನಲ್ಲಿ ಪ್ರಬಂಧ ಪ್ರಕಟವಾಯಿತು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ತಿಳಿಯುವುದೇನು? ಮಾತು ಎಲ್ಲಿ ಪ್ರಕಟವಾಯಿತು ಎಂಬುದಕ್ಕಿಂತ ಅದರಲ್ಲಿ ಏನೇನು ಬಿಚ್ಚಿಟ್ಟಿದ್ದಾರೆ ಎಂಬುದು ಮುಖ್ಯ. ಎಷ್ಟು ಮಂದಿಯಲ್ಲಿ ಎಷ್ಟು ಮಂದಿಗೆ? ಯಾರಿಗೆ ಅನ್ವಯ, ಯಾರಿಗಲ್ಲ? ಬೇರೆಯವರು ಪರಿಶೀಲಿಸಬಹುದೇ?

ಆದರೆ ಒಳ್ಳೆಯ ಮಾತೂ ಸಾಗರ ದಾಟುವಾಗ ತುಂಡಾಗುತ್ತದೆ. 2021ರ ಏಪ್ರಿಲ್–ಮೇ ತಿಂಗಳಲ್ಲಿ ಬೆಂಗಳೂರಿನ ಬಂಧುಗಳಿಂದ ನನಗೆ ದಿನಕ್ಕೆ ನಾಲ್ಕೈದು ಕರೆ ಬರುತ್ತಿತ್ತು. ಜ್ವರ ಬಂದ ಎರಡನೆಯ ದಿನವೇ, ಆಮ್ಲಜನಕದ ಮಟ್ಟ ಚೆನ್ನಾಗಿರುವಾಗಲೇ, ಕೆಲವರು ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರು. ಸ್ಟೀರಾಯ್ಡ್ ಜೀವ ಉಳಿಸುತ್ತದೆ ಎಂಬುದು ಅವರನ್ನು ತಲುಪಿತ್ತು. ಆಮ್ಲಜನಕ ಬೇಕಾಗದವರಿಗೆ ಲಾಭವಿಲ್ಲ ಎಂಬ ಕೊನೆಯ ವಾಕ್ಯ ತಲುಪಿರಲಿಲ್ಲ. ಆ ಬೇಸಿಗೆಯಲ್ಲಿ ಕರ್ನಾಟಕವೂ ಸೇರಿದಂತೆ ದೇಶದ ಉದ್ದಕ್ಕೂ ಕಾಡಿದ ಕಪ್ಪು ಶಿಲೀಂಧ್ರ ರೋಗಕ್ಕೆ ಹತೋಟಿಯಿಲ್ಲದ ಮಧುಮೇಹ ಮತ್ತು ಸ್ಟೀರಾಯ್ಡಿನ ಅತಿಬಳಕೆ ಮುಖ್ಯ ಕಾರಣಗಳೆಂದು ತಜ್ಞರು ಗುರುತಿಸಿದರು.

ಕನ್ನಡದಲ್ಲಿ ಹೇಳುವಾಗ

ಆ ಕೊನೆಯ ವಾಕ್ಯವನ್ನು ತಲುಪಿಸುವ ಕೆಲಸ ಯಾರದು? ನನ್ನ ಉತ್ತರ: ಎರಡೂ ಭಾಷೆ ಬಲ್ಲ ನಮ್ಮಂಥವರದ್ದು. ಇದು ಹೊಸ ಕೆಲಸವೂ ಅಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ಸೇರಿ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು 1918ರಷ್ಟು ಹಿಂದೆಯೇ ಆರಂಭಿಸಿದ್ದರು. ವೈದ್ಯೆಯಾಗಿದ್ದ ಅನುಪಮಾ ನಿರಂಜನ 'ತಾಯಿ–ಮಗು', 'ದಾಂಪತ್ಯ ದೀಪಿಕೆ'ಗಳ ಮೂಲಕ ಹೆಣ್ಣುಮಕ್ಕಳು ಯಾರನ್ನೂ ಕೇಳಲಾಗದ ಪ್ರಶ್ನೆಗಳಿಗೆ ಉತ್ತರ ಕೊಟ್ಟರು. ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರದ ಪ್ರಬಂಧಗಳನ್ನು ತಜ್ಞರಿಗಾಗಿ ಇಂಗ್ಲಿಷಿನಲ್ಲಿ ಬರೆದರು; ಅದೇ ಸಸ್ಯಗಳನ್ನು 'ಹಸುರು ಹೊನ್ನು' ಪುಸ್ತಕದಲ್ಲಿ ಕನ್ನಡಿಗರ ಮುಂದಿಟ್ಟರು. ಓದುಗರನ್ನು ನಗಿಸಲು ಅವರು ಸಸ್ಯಶಾಸ್ತ್ರವನ್ನು ತೆಳುವಾಗಿಸಲಿಲ್ಲ. ಎರಡು ನಾಲಿಗೆಯಲ್ಲೂ ಒಂದೇ ಸತ್ಯವನ್ನು ಆಡಬಹುದು ಎಂಬುದಕ್ಕೆ ನನಗೆ ಸ್ವಾಮಿಯವರೇ ಸಾಕ್ಷಿ.

ಆದರೆ ಕನ್ನಡದಲ್ಲಿ ಹೇಳುವಾಗ ಕೆಲವು ಪದಗಳ ಬಗ್ಗೆ ಎಚ್ಚರ ಬೇಕು. ಎರಡು ಸಂಗತಿಗಳು ಜೊತೆಯಲ್ಲಿ ಕಂಡುಬಂದರೆ ಪ್ರಬಂಧದಲ್ಲಿ ಅಸೋಸಿಯೇಷನ್ ಎನ್ನುತ್ತಾರೆ. ನಾವು ಅದನ್ನು 'ಸಂಬಂಧ' ಅಥವಾ 'ನಂಟು' ಎಂದು ಬರೆಯುತ್ತೇವೆ. ನಮ್ಮಲ್ಲಿ ಸಂಬಂಧ ಎಂದರೆ ಹೆಣ್ಣು ಕೊಟ್ಟು ತಂದು ಗಟ್ಟಿಯಾದದ್ದು! ಇಬ್ಬರು ಒಂದೇ ಬಸ್ಸಿನಲ್ಲಿ ಬಂದಿಳಿದರೆ ನಂಟರಾಗುವುದಿಲ್ಲ. 'ಜೊತೆಯಲ್ಲಿ ಕಂಡುಬಂದಿದೆ, ಕಾರಣವೇ ಎಂದು ತಿಳಿದಿಲ್ಲ' ಎಂದು ಉದ್ದವಾಗಿಯೇ ಬರೆಯುವುದು ವಾಸಿ. ಸಿಗ್ನಿಫಿಕೆಂಟ್ ಎಂಬುದನ್ನು 'ಮಹತ್ವದ' ಎಂದು ಅನುವಾದಿಸುತ್ತಾರೆ. ಲೆಕ್ಕಶಾಸ್ತ್ರದಲ್ಲಿ ಅದರ ಅರ್ಥ, ಇದು ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ಕಡಿಮೆ ಎಂದಷ್ಟೇ. ರೋಗಿಗೆ ಅದರಿಂದ ಕಿಂಚಿತ್ತೂ ಉಪಯೋಗವಿಲ್ಲದೆಯೂ ಇರಬಹುದು. ಇನ್ನು 'ಅಪಾಯ'. ರಿಸ್ಕ್ ಎಂದರೆ ಸಂಭವ. ಅಪಾಯ ಎಂದರೆ ಹುಲಿ ಎದುರಿಗೆ ನಿಂತಂತೆ. 'ಅಪಾಯ ಇಮ್ಮಡಿ' ಎಂದರೆ ಎರಡು ಹುಲಿ! ಇದಕ್ಕೆ ಬದಲಾಗಿ ನಮ್ಮಲ್ಲಿ ಒಂದು ಸೊಗಸಾದ ಅನುಕೂಲವಿದೆ: ಲಕ್ಷ ಎಂಬ ಪದ. 'ಲಕ್ಷ ಜನರಲ್ಲಿ ಹದಿನೈದು' ಎಂದರೆ ಓದು ಬಾರದ ಅಜ್ಜಿಗೂ ಅರ್ಥವಾಗುತ್ತದೆ. ಶೇಕಡಾವಾರು ಅರ್ಥವಾಗದ ಪದವೀಧರರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕೊನೆಯದಾಗಿ

ಜನರಿಗೆ ವಿಜ್ಞಾನ ಅರ್ಥವಾಗುವುದಿಲ್ಲ, ಆದ್ದರಿಂದ ಖಚಿತವಾಗಿ, ದೊಡ್ಡದಾಗಿ ಹೇಳಬೇಕು ಎನ್ನುವವರಿದ್ದಾರೆ. ನನ್ನ ಅನುಭವ ಹಾಗಿಲ್ಲ. 'ಸಾಕಷ್ಟು ಇಲ್ಲ ಅಂದ್ರೆ ಸ್ವಲ್ಪ ಇದೆ ಅಂತ ತಾನೇ?' ಎಂದು ಕೇಳಿದ ತಾಯಿಗೆ ಅರ್ಥಮಾಡಿಕೊಳ್ಳುವ ಶಕ್ತಿ ಧಾರಾಳವಾಗಿತ್ತು. ಅದು ಯಾವ ಪೀರ್ ರಿವ್ಯೂಗೂ ಕಡಿಮೆಯಿಲ್ಲದ ಪ್ರಶ್ನೆ. ಉತ್ತರಿಸುವ ಭಾಷೆ ನನ್ನ ಬಳಿ ಇರಲಿಲ್ಲ. ಇಂದಾಗಿದ್ದರೆ ಹೇಳುತ್ತಿದ್ದೆ: "ಐದು ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿದಾರಮ್ಮ. ಹಾಕಿಸಿದವರಲ್ಲಿ ಆಟಿಸಂ ಹೆಚ್ಚಾಗಿರಲಿಲ್ಲ. ನನ್ನ ಮಕ್ಕಳಿಗೆ ಹಾಕಿಸಿದ್ದೀನಿ."

ನಮ್ಮ ಸಂಘದ ಮನೆಗಳಲ್ಲಿ ಈಗ ಸಂಶೋಧನೆ ಮಾಡುವ ಮಕ್ಕಳು ಅನೇಕರಿದ್ದಾರೆ. ಪಿಎಚ್‌ಡಿ ಮುಗಿಸಿದ ಹುಡುಗ ಹುಡುಗಿಯರನ್ನು ಯುಗಾದಿ ಸಮಾರಂಭದಲ್ಲಿ ಶಾಲು ಹೊದಿಸಿ ಗೌರವಿಸುತ್ತೇವೆ. ಅವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಪ್ರಬಂಧದ ಬಗ್ಗೆ ವಿಶ್ವವಿದ್ಯಾಲಯ ಹೊರಡಿಸುವ ಪ್ರಕಟಣೆಗೆ ಸಹಿ ಹಾಕುವ ಮುನ್ನ, ಊರಿನಲ್ಲಿರುವ ನಿಮ್ಮ ಅಜ್ಜಿಗೋ ಸೋದರಮಾವನಿಗೋ ಫೋನು ಮಾಡಿ ಅದನ್ನು ಕನ್ನಡದಲ್ಲಿ ಹೇಳಿ. ಅವರು ವಾಪಸ್ಸು ಏನು ಹೇಳುತ್ತಾರೆ ಕೇಳಿಸಿಕೊಳ್ಳಿ. ನೀವು ಹೇಳಿದ್ದೇ ಅವರ ಬಾಯಿಂದ ಬಂದರೆ ಸಹಿ ಹಾಕಿ. ಬೇರೆ ಏನೋ ಬಂದರೆ, ತಪ್ಪು ಅವರ ಕಿವಿಯದಲ್ಲ, ಇನ್ನೊಮ್ಮೆ ಬರೆಯಿರಿ.

ನಾನು ಆ ಅಕ್ಟೋಬರ್ ಬೆಳಿಗ್ಗೆ ಆ ಹುಡುಗಿಯನ್ನು ಕೇಳಬೇಕಿದ್ದದ್ದೂ ಅದೊಂದೇ: "ನಾನು ಹೇಳಿದ್ದರಲ್ಲಿ ನಿಮಗೆ ಏನು ಅರ್ಥವಾಯಿತು?"